ಅಪ್ಪನಿಗೆ ತಲೆ ಸುತ್ತುತ್ತಿದ್ದದ್ದು ಯಾರಿಗೆ ಗೊತ್ತಿತ್ತು?

ಕಳೆದ ವರ್ಷದ ಮಳೆಗಾಲ. ಅರಸೀಕೆರೆ ಹತ್ತಿರದ ನಮ್ಮೂರ ಮನೆಯ ಬಚ್ಚಲಲ್ಲಿ ಅಪ್ಪ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿತ್ತು. ವಯಸ್ಸು ಎಪ್ಪತ್ತೊಂದು, ಬಿಪಿ ಇದೆ, ಹಟ ಅದಕ್ಕಿಂತ ಜಾಸ್ತಿ ಇದೆ. ಬೆಂಗಳೂರಿಗೆ ಕರ್ಕೊಂಡು ಬಂದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ, ಇದು ಯಾವ ಆಸ್ಪತ್ರೆಯಲ್ಲಾದರೂ ನಡೆಯಬಹುದಾದ ಕಥೆ. ಆಪರೇಷನ್ ಚೆನ್ನಾಗಿಯೇ ಆಯ್ತು. ಸರ್ಜನ್ ಹೊರಗೆ ಬಂದು, "ನಾಳೆನೇ ನಿಲ್ಲಿಸ್ತೀವಿ" ಅಂದರು. ಅಮ್ಮ ಧರ್ಮಸ್ಥಳದ ಕಡೆ ತಿರುಗಿ ಕೈ ಮುಗಿದಳು.

ಮಾರನೇ ದಿನ ಬಿಳಿ ಕೋಟಿನ ಒಬ್ಬ ಹುಡುಗಿ ವಾಕರ್ ತಳ್ಳಿಕೊಂಡು ಬಂದಳು. ಫಿಸಿಯೋಥೆರಪಿ ಇಂಟರ್ನ್. ಅಪ್ಪನನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ಆಮೇಲೆ ನಿಲ್ಲಿಸಿದಳು. ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಅಪ್ಪನ ಮುಖ ಬಿಳುಚಿಕೊಂಡು ಹಣೆಯೆಲ್ಲ ಬೆವರಾಯ್ತು. "ಕಣ್ಣು ಕತ್ಲೆ ಬಂತಮ್ಮ" ಅಂದು ಕುಸಿದು ಕೂತರು. ಆ ಹುಡುಗಿ ಗಾಬರಿಯಾಗಲಿಲ್ಲ. ಮಲಗಿಸಿ ಬಿಪಿ ನೋಡಿದಳು. ಕಡಿಮೆ ಇತ್ತು. ಸಿಸ್ಟರ್ ಹತ್ತಿರ ಹೋಗಿ ಹೇಳಿದಳು, ಸಿಸ್ಟರ್ ಬರೆದುಕೊಂಡರು. ಡ್ಯೂಟಿ ಡಾಕ್ಟರ್ ಬಂದು ನೋಡಿ, "ಆಪರೇಷನ್ ಆಗಿದೆ, ರಕ್ತ ಹೋಗಿದೆ, ನೀರು ಕಡಿಮೆಯಾಗಿರುತ್ತೆ" ಅಂತ ಸಲೈನ್ ಹಾಕಿಸಿದರು. ಮೂವರೂ ಮಾಡಿದ್ದು ಸರಿಯೇ.

ಎರಡನೇ ದಿನ ಮತ್ತದೇ ಆಯ್ತು. ಅಷ್ಟರಲ್ಲಿ ಡ್ಯೂಟಿ ಡಾಕ್ಟರ್ ಬದಲಾಗಿದ್ದರು, ಸಿಸ್ಟರ್ ಬದಲಾಗಿದ್ದರು. ಫಿಸಿಯೋ ಹುಡುಗಿ ಮಾತ್ರ ಅವಳೇ. "ನಿನ್ನೆನೂ ಹೀಗೇ ಆಗಿತ್ತು" ಅಂದಳು. ಹೊಸ ಡಾಕ್ಟರ್ ತಲೆ ಎತ್ತದೆ, "ಹೂಂ, ವಯಸ್ಸಾಗಿದೆಯಲ್ಲ" ಅಂದರು. ಅವಳು ಇನ್ನೇನೋ ಹೇಳೋಕೆ ಬಾಯಿ ತೆರೆದು ಸುಮ್ಮನಾದಳು. ಆ ಅರ್ಧ ತೆರೆದ ಬಾಯಿ ನನಗೆ ಇವತ್ತಿಗೂ ನೆನಪಿದೆ. ನಮ್ಮ ಆಫೀಸ್ ಮೀಟಿಂಗುಗಳಲ್ಲಿ ಹೊಸದಾಗಿ ಸೇರಿದ ಹುಡುಗರ ಮುಖದಲ್ಲಿ ಅದನ್ನೇ ನೋಡಿದ್ದೇನೆ.

ಮೂರನೇ ದಿನ ಇನ್ನೊಂದು ಬಿಳಿ ಕೋಟು ಬಂತು. ಅಮ್ಮ ಎಂದಿನಂತೆ "ಬನ್ನಿ ಡಾಕ್ಟ್ರೇ" ಅಂದಳು. ಆತ ಡಾಕ್ಟರ್ ಅಲ್ಲ, ಫಾರ್ಮ್.ಡಿ ಓದುತ್ತಿದ್ದ ಹುಡುಗ, ಕ್ಲಿನಿಕಲ್ ಫಾರ್ಮಸಿ ವಿಭಾಗದಿಂದ ಬಂದಿದ್ದ. ಕೇಸ್ ಶೀಟ್ ತಿರುವಿ ಹಾಕಿ, ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದ: "ಅಮ್ಮಾ, ಮನೆಯಿಂದ ತಂದಿರೋ ಮಾತ್ರೆ ಏನಾದ್ರೂ ಕೊಡ್ತಿದೀರಾ?"

ಅಮ್ಮ ವ್ಯಾನಿಟಿ ಬ್ಯಾಗಿನಿಂದ ಒಂದು ಸ್ಟ್ರಿಪ್ ತೆಗೆದು ತೋರಿಸಿದಳು. "ದಿನಾ ಬೆಳಿಗ್ಗೆ ಕೊಡೋದು ಇದು. ಇಲ್ಲಿ ಬಂದ ಮೇಲೂ ತಪ್ಪಿಸಿಲ್ಲ."

ಅಮ್ಮ ಕೊಡುತ್ತಿದ್ದದ್ದು ಟೆಲ್ಮಿಸಾರ್ಟಾನ್. ಬಿಪಿ ಮಾತ್ರೆ. ವಾರ್ಡಿನಲ್ಲಿ ಸಿಸ್ಟರ್ ಕೊಡುತ್ತಿದ್ದದ್ದೂ ಟೆಲ್ಮಿಸಾರ್ಟಾನ್. ಕಂಪನಿ ಬೇರೆ, ಪ್ಯಾಕೆಟ್ಟಿನ ಬಣ್ಣ ಬೇರೆ, ಔಷಧ ಒಂದೇ. ರಕ್ತ ಕಳೆದುಕೊಂಡ ಎಪ್ಪತ್ತೊಂದರ ದೇಹಕ್ಕೆ ದಿನಕ್ಕೆ ಎರಡು ಪಟ್ಟು ಬಿಪಿ ಮಾತ್ರೆ ಹೋಗುತ್ತಿತ್ತು. ಮೊದಲ ದಿನ ಆ ಹುಡುಗಿ ಹಿಡಿದುಕೊಳ್ಳದೇ ಇದ್ದಿದ್ದರೆ ಅಪ್ಪ ವಾಕರ್ ಸಮೇತ ಬಿದ್ದು, ಹೊಸ ಕೀಲು ಹಾಕಿಸಿಕೊಂಡ ಕಾಲನ್ನೇ ಮತ್ತೆ ಮುರಿದುಕೊಳ್ಳುತ್ತಿದ್ದರು.

ಸಿಟ್ಟು ಬಂತು. ಸಿಸ್ಟರ್ ಹತ್ತಿರ ಹೋಗಿ, "ಮನೆ ಮಾತ್ರೆ ಕೊಡಬೇಡಿ ಅಂತ ಒಂದು ಮಾತು ಹೇಳೋಕಾಗಲ್ವಾ?" ಅಂತ ಜೋರಾಗಿಯೇ ಕೇಳಿದೆ. ಅವರು ಶಾಂತವಾಗಿ ಹೇಳಿದರು: "ಅಡ್ಮಿಷನ್ ದಿನ ನಿಮಗೇ ಹೇಳಿದ್ದೆ ಸರ್. ನೀವು ಫೋನಲ್ಲಿದ್ರಿ. ತಲೆ ಆಡಿಸಿದ್ರಿ."

ಹೌದು. ಆವತ್ತು ಸಂಜೆ ಐದಕ್ಕೆ ನಮ್ಮ ತಂಡದ ಕಾಲ್ ಇತ್ತು. ಕಿವಿಯಲ್ಲಿ ಇಯರ್‌ಬಡ್ಸ್, ತೊಡೆ ಮೇಲೆ ಲ್ಯಾಪ್‌ಟಾಪ್, ವಾರ್ಡಿನ ಹೊರಗಿನ ಬೆಂಚು. ಯಾರೋ ಏನೋ ಹೇಳಿದರು, ನಾನು ತಲೆ ಆಡಿಸಿದೆ. ಅಮ್ಮನಿಗೆ ಹೇಳಲೇ ಇಲ್ಲ.

ಇನ್ನೊಬ್ಬರು ನೋಡದೆ ಒಂದು ಸಾಲು ಕೋಡ್ ಕೂಡ ಮುಂದಕ್ಕೆ ಹೋಗಬಾರದು ಅಂತ ಆಫೀಸಿನಲ್ಲಿ ಜೂನಿಯರುಗಳಿಗೆ ಪಾಠ ಮಾಡುವವನು ನಾನು.

ಒಂದೇ ಕ್ಯಾಂಟೀನ್, ಬೇರೆ ಬೇರೆ ಟೇಬಲ್

ಈ ಕಥೆಯನ್ನು ಚಿಕ್ಕಪ್ಪನ ಮಗಳಿಗೆ ಹೇಳಿದೆ. ಅವಳಾಗ ಬಿ.ಎಸ್ಸಿ ನರ್ಸಿಂಗ್ ಕೊನೇ ವರ್ಷ. ಅವಳಿಗೇನೂ ಆಶ್ಚರ್ಯವಾಗಲಿಲ್ಲ. "ಅಣ್ಣ, ನಿಂಗೊಂದು ವಿಷ್ಯ ಹೇಳ್ತೀನಿ. ನಮ್ಮ ಕ್ಯಾಂಪಸ್ಸಲ್ಲೇ ಎಂಬಿಬಿಎಸ್ ಇದೆ, ಫಾರ್ಮಸಿ ಇದೆ, ಫಿಸಿಯೋ ಇದೆ. ಒಂದೇ ಗೇಟು, ಒಂದೇ ಕ್ಯಾಂಟೀನು. ನಾಲ್ಕು ವರ್ಷದಲ್ಲಿ ಅವರ ಜೊತೆ ಒಂದೇ ಒಂದು ಕ್ಲಾಸಲ್ಲಿ ಕೂತಿಲ್ಲ. ಕ್ಯಾಂಟೀನಲ್ಲೂ ಟೇಬಲ್ ಬೇರೆ ಬೇರೆ. ನಾಳೆ ವಾರ್ಡಲ್ಲಿ ಒಂದೇ ಪೇಷೆಂಟ್ ಮುಂದೆ ನಿಲ್ಲಿಸಿ ಟೀಮ್ ಆಗಿ ಕೆಲಸ ಮಾಡಿ ಅಂದ್ರೆ ಹೇಗೆ ಮಾಡೋದು?"

ಈ ಪ್ರಶ್ನೆ ತಲೆಯಲ್ಲೇ ಉಳಿಯಿತು. ಎಂಜಿನಿಯರ್ ಬುದ್ಧಿ, ಒಂದು ವಾರ ರಾತ್ರಿ ಕೂತು ಸಿಕ್ಕಿದ್ದೆಲ್ಲ ಓದಿದೆ. ನಾನು ವೈದ್ಯನಲ್ಲ. ಓದಿ ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತಿದ್ದೇನೆ.

ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಬ್ಬರ ಜೊತೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಬಗ್ಗೆ ಇನ್ನೊಬ್ಬರು ಕಲಿಯಬೇಕು ಅನ್ನುವ ವಿಚಾರ ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇದರ ಬಗ್ಗೆ ಒಂದು ಚೌಕಟ್ಟನ್ನು ಪ್ರಕಟಿಸಿದೆ. ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯ 1986ರಿಂದಲೇ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಮಕ್ಕಳಿಗೆ ಕೆಲವು ಪಾಠಗಳನ್ನು ಒಟ್ಟಿಗೆ ಕಲಿಸುತ್ತಿದೆ. 1996ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಳೆ ವಿಭಾಗದ ಒಂದು ವಾರ್ಡನ್ನೇ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ಹಿಂದೆ ಅನುಭವಿಗಳು ನಿಂತಿರುತ್ತಾರೆ, ಆದರೆ ಬೆಳಿಗ್ಗೆ ರೋಗಿಯ ಬಗ್ಗೆ ಮಾತಾಡಿ ಅವತ್ತಿನ ಯೋಜನೆ ಮಾಡುವವರು ವಿದ್ಯಾರ್ಥಿಗಳೇ. ನಮ್ಮಪ್ಪ ಅಲ್ಲಿದ್ದಿದ್ದರೆ ಆ ಫಿಸಿಯೋ ಹುಡುಗಿ ಮತ್ತು ಆ ಫಾರ್ಮಸಿ ಹುಡುಗ ಮೊದಲ ದಿನವೇ ಒಂದೇ ಮೇಜಿನ ಸುತ್ತ ಕೂತಿರುತ್ತಿದ್ದರು. ಇಲ್ಲಿ ಅವರಿಬ್ಬರೂ ಒಂದೇ ಮಂಚದ ಬಳಿಗೆ ಬಂದು ಹೋದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮಲ್ಲೇನೂ ಇಲ್ಲ ಅಂತಲ್ಲ. ಮಣಿಪಾಲದಲ್ಲಿ ಆರೋಗ್ಯ ಕೋರ್ಸುಗಳ ಅಧ್ಯಾಪಕರಿಗೆ ಇದನ್ನೇ ಕಲಿಸುವ ಫೆಲೋಶಿಪ್ ಇದೆ. ದೇಶದ ಎಂಬಿಬಿಎಸ್ ಪಠ್ಯಕ್ಕೆ 2019ರ ಬ್ಯಾಚಿನಿಂದ 'ಏಟ್‌ಕಾಮ್' ಅನ್ನುವ ಭಾಗ ಸೇರಿದೆ. ನಡವಳಿಕೆ, ನೀತಿ, ಸಂವಹನ, ಇವು ಮೂರೂ ಅದರಲ್ಲಿವೆ. ವೈದ್ಯರಾಗಿರುವುದು ಅಂದರೇನು ಅನ್ನುವುದರಿಂದ ಶುರುವಾಗಿ, ಆರೋಗ್ಯ ತಂಡದಲ್ಲಿ ಕೆಲಸ ಮಾಡುವುದು ಹೇಗೆ ಅನ್ನುವ ಪಾಠವೂ ಬರುತ್ತದೆ. ಒಳ್ಳೇದೇ. ಆದರೆ ಅದು ಎಂಬಿಬಿಎಸ್ ಮಕ್ಕಳ ಪಠ್ಯ. ತಂಡದ ಬಗ್ಗೆ ಪಾಠ, ತಂಡದ ಉಳಿದವರು ಪಕ್ಕದ ಬ್ಲಾಕಿನಲ್ಲಿ! ತಮಾಷೆ ಅನ್ನಿಸುತ್ತೆ. ನಮ್ಮ ರಾಜ್ಯಕ್ಕೆ ಒಂದು ಅನುಕೂಲ ಇದೆ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೇ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುಷ್ ಕಾಲೇಜುಗಳೆಲ್ಲ ಇವೆ. ಒಂದೇ ಸೂರಿನಡಿ ಇರುವವರನ್ನು ತಿಂಗಳಿಗೊಂದು ಮಧ್ಯಾಹ್ನ ಒಂದೇ ಕೋಣೆಯಲ್ಲಿ ಕೂರಿಸೋದು ಅಷ್ಟು ಕಷ್ಟವಾ ಅಂತ ತಂಗಿಯನ್ನು ಕೇಳಿದೆ. "ಟೈಮ್‌ಟೇಬಲ್ ಯಾರು ಮಾಡ್ತಾರಣ್ಣ?" ಅಂದಳು. ಮೂರು ಟೀಮುಗಳ ಕ್ಯಾಲೆಂಡರ್ ಹೊಂದಿಸೋಕೆ ಒದ್ದಾಡುವ ನನಗೆ ಅದರ ಮೇಲೆ ಮಾತೇ ಹೊರಡಲಿಲ್ಲ.

ಹೇಳಿದರು, ಆದರೆ ಕೇಳಿಸಲಿಲ್ಲ

ಓದುವಾಗ ಸಿಕ್ಕ ಒಂದು ಘಟನೆ ನನ್ನನ್ನು ತುಂಬಾ ಕಾಡಿತು. 2005ರ ಮಾರ್ಚ್, ಇಂಗ್ಲೆಂಡ್. ಎಲೇನ್ ಬ್ರೊಮಿಲಿ ಅನ್ನುವ 37 ವರ್ಷದ ಮಹಿಳೆ, ಎರಡು ಮಕ್ಕಳ ತಾಯಿ, ಸೈನಸ್ಸಿನ ಸಣ್ಣ ಆಪರೇಷನ್ನಿಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ವೈದ್ಯರೇ ಅಲ್ಲಿದ್ದರು. ಗಂಟಲಿಗೆ ಕೊಳವೆ ಹಾಕಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಹೋದರು. ಅಂಥ ಹೊತ್ತಿನಲ್ಲಿ ಕೊರಳಿನಲ್ಲೇ ರಂಧ್ರ ಮಾಡಿ ಉಸಿರು ಕೊಡಬೇಕಾಗುತ್ತದೆ. ಒಬ್ಬ ನರ್ಸ್ ಅದಕ್ಕೆ ಬೇಕಾದ ಸಲಕರಣೆ ತಂದು, ಇಲ್ಲಿದೆ ಅಂತ ಹೇಳಿದರು. ಇನ್ನೊಬ್ಬರು ಐಸಿಯುವಿಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದರು. ವೈದ್ಯರ ಪ್ರತಿಕ್ರಿಯೆ ನೋಡಿ, ತಾನೇ ಅತಿ ಮಾಡಿದೆನೇನೋ ಅಂದುಕೊಂಡು ಆ ಹಾಸಿಗೆ ರದ್ದು ಮಾಡಿದರು. ಎಲೇನ್ ಹದಿಮೂರು ದಿನಗಳ ನಂತರ ತೀರಿಕೊಂಡರು.

ಏನು ಮಾಡಬೇಕು ಅನ್ನೋದು ಆ ಕೋಣೆಯಲ್ಲಿ ಕೆಲವರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಕೈಯಲ್ಲಿ ಚಾಕು ಇದ್ದವರನ್ನು ತಲುಪಲಿಲ್ಲ.

ಎಲೇನ್ ಅವರ ಗಂಡ ಮಾರ್ಟಿನ್ ಬ್ರೊಮಿಲಿ ವಿಮಾನದ ಪೈಲಟ್. ಅವರು ಆಸ್ಪತ್ರೆಯನ್ನು ಕೇಳಿದ್ದು, ತನಿಖೆ ಯಾವಾಗ ಮಾಡುತ್ತೀರಿ ಅಂತ. ವಿಮಾನ ಬಿದ್ದರೆ ತನಿಖೆ ಆಗೇ ಆಗುತ್ತದೆ, ಇಲ್ಲಿ ಅಂಥ ಪದ್ಧತಿಯೇ ಇರಲಿಲ್ಲ. ಯಾರನ್ನೂ ಜೈಲಿಗೆ ಹಾಕಿಸಲು ಅವರು ಹೊರಡಲಿಲ್ಲ. ಏನಾಯಿತು, ಯಾಕಾಯಿತು ಅಂತ ತಿಳಿಯಬೇಕಿತ್ತು ಅಷ್ಟೇ. ಆಮೇಲೆ ವೈದ್ಯರು, ನರ್ಸ್‌ಗಳು, ಮನಶ್ಶಾಸ್ತ್ರಜ್ಞರನ್ನು ಸೇರಿಸಿ ಒಂದು ಸಂಘವನ್ನೇ ಕಟ್ಟಿದರು. ಎಲೇನ್ ಕಥೆಯನ್ನು ಇವತ್ತು ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿ ತೋರಿಸುತ್ತಾರೆ.

ಪೈಲಟ್‌ಗಳ ಜಗತ್ತು ಈ ಪಾಠ ಕಲಿತದ್ದೂ ಸುಲಭವಾಗಿ ಅಲ್ಲ. 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಮಂಜಿನ ಮಧ್ಯೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಡಿಕ್ಕಿಗೆ ಸ್ವಲ್ಪ ಮುಂಚೆ ಒಂದು ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ದಾರಿ ಬಿಟ್ಟಿದೆಯಾ ಅಂತ ಅನುಮಾನದಿಂದ ಕೇಳಿದ್ದ. ಬಿಟ್ಟಿದೆ ಅಂತ ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ. ಆತ ಮತ್ತೆ ಕೇಳಲಿಲ್ಲ. ಅಂಥ ಅಪಘಾತಗಳ ನಂತರವೇ, ಕಾಕ್‌ಪಿಟ್ಟಿನಲ್ಲಿ ಕಿರಿಯನೂ ಗಟ್ಟಿಯಾಗಿ ಹೇಳಬೇಕು, ಹಿರಿಯ ಕಿವಿಗೊಡಬೇಕು ಅನ್ನುವ ತರಬೇತಿ ಬಂತು.

ಇದನ್ನು ಓದಿದಾಗ ನನಗೆ ಆ ಫಿಸಿಯೋ ಹುಡುಗಿಯ ಅರ್ಧ ತೆರೆದ ಬಾಯಿ ನೆನಪಾಯ್ತು.

ಫೋನ್ ಮಾಡೋಕೆ ಭಯ

"ನೈಟ್ ಡ್ಯೂಟಿಲಿ ಅತ್ಯಂತ ಕಷ್ಟದ ಕೆಲಸ ಯಾವ್ದು ಗೊತ್ತಾ?" ಅಂತ ತಂಗಿ ಕೇಳಿದ್ದಳು. ನಾನು ಇಂಜೆಕ್ಷನ್, ರಕ್ತ ಅಂತೆಲ್ಲ ಅಂದೆ. "ಅಲ್ಲ. ರಾತ್ರಿ ಮೂರಕ್ಕೆ ಡಾಕ್ಟರಿಗೆ ಫೋನ್ ಮಾಡೋದು." ಮಾಡಿದರೆ, ಇಷ್ಟಕ್ಕೆಲ್ಲ ಎಬ್ಬಿಸ್ತೀರಾ ಅಂತ ಬೈಗುಳ. ಮಾಡದೆ ಬೆಳಗಾಗುವಷ್ಟರಲ್ಲಿ ಏನಾದರೂ ಆದರೆ, ಯಾಕೆ ಹೇಳಲಿಲ್ಲ ಅಂತ ಬೈಗುಳ. ಆ ಕಡೆಯವರನ್ನೂ ಪೂರ್ತಿ ಬೈಯೋ ಹಾಗಿಲ್ಲ. ನನ್ನ ರೂಮ್‌ಮೇಟ್ ಆಗಿದ್ದವನೊಬ್ಬ ಪಿಜಿ ಮಾಡುತ್ತಿದ್ದಾಗ ಒಮ್ಮೊಮ್ಮೆ ಎರಡು ದಿನ ಮನೆಗೇ ಬರುತ್ತಿರಲಿಲ್ಲ. ಬಂದರೆ ಶೂ ಬಿಚ್ಚದೆ ಮಲಗುತ್ತಿದ್ದ. ಅಂಥವನನ್ನು ಎಬ್ಬಿಸಿ "ಸರ್, ಪೇಷೆಂಟ್ ಯಾಕೋ ಸರಿ ಇಲ್ಲ" ಅಂದರೆ ಅವನಾದರೂ ಏನು ತಿಳಿದುಕೊಳ್ಳಬೇಕು?

ಇದಕ್ಕೊಂದು ಸರಳ ಸಾಧನ ಇದೆ, ಹೆಸರು ಎಸ್‌ಬಾರ್. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಕ್ರಮವನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳು ತಮಗೆ ಒಗ್ಗಿಸಿಕೊಂಡವು. ಈಗೇನಾಗುತ್ತಿದೆ, ಹಿನ್ನೆಲೆ ಏನು, ನನಗೇನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು, ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳುವುದು. ತಂಗಿ ನನ್ನ ಮುಂದೆಯೇ ಅಪ್ಪನ ಕೇಸು ಹಿಡಿದು ಹೇಳಿ ತೋರಿಸಿದಳು:

"ಸರ್, 12ನೇ ಬೆಡ್ಡಿನವರಿಗೆ ನಿಲ್ಲಿಸಿದ ತಕ್ಷಣ ಬಿಪಿ ಇಳೀತಿದೆ, ಎರಡನೇ ದಿನವೂ ಹೀಗೇ ಆಗಿದೆ. ಎಪ್ಪತ್ತೊಂದು ವರ್ಷ, ಸೊಂಟದ ಆಪರೇಷನ್ ಆಗಿದೆ, ಬಿಪಿ ಮಾತ್ರೆ ನಡೀತಿದೆ, ನಿನ್ನೆ ಸಲೈನ್ ಹಾಕಿದ್ರೂ ಕಡಿಮೆಯಾಗಿಲ್ಲ. ಬರೀ ನೀರಿನ ಕೊರತೆ ಅಲ್ಲ ಅನ್ಸುತ್ತೆ, ಮಾತ್ರೆದೇನೋ ಇರಬಹುದು. ಒಂದ್ಸಲ ಬಂದು ಮಾತ್ರೆ ಚಾರ್ಟ್ ನೋಡ್ತೀರಾ? ಅಲ್ಲಿವರೆಗೂ ನಾಳೆ ಬೆಳಗಿನ ಡೋಸ್ ಕೊಡ್ಲಾ, ನಿಲ್ಲಿಸ್ಲಾ?"

ಅರ್ಧ ನಿಮಿಷವೂ ಆಗಲಿಲ್ಲ. ನಿದ್ದೆಗಣ್ಣಿನವನೂ ಎದ್ದು ಕೂರುತ್ತಾನೆ. ಇಲ್ಲಿ ನನಗೆ ಇಷ್ಟವಾದದ್ದು ಮೂರನೇ ಭಾಗ. 'ನನಗೇನನ್ನಿಸುತ್ತಿದೆ' ಅಂತ ನರ್ಸ್ ಹೇಳಲೇಬೇಕು. ನಂಗೇನು ಗೊತ್ತು, ನೀವೇ ನೋಡಿ ಅಂತ ಜಾರಿಕೊಳ್ಳೋ ಹಾಗಿಲ್ಲ. ಕೇಳಿಸಿಕೊಂಡವರು ಹೇಳಿದ್ದನ್ನು ವಾಪಸ್ ಹೇಳಬೇಕು ಅನ್ನುವ ಇನ್ನೊಂದು ಅಭ್ಯಾಸವೂ ಇದೆ. "ಬೆಳಗಿನ ಡೋಸ್ ನಿಲ್ಲಿಸಿ, ನಾನು ಬರ್ತೀನಿ" ಅಂದರೆ, "ಬೆಳಗಿನ ಡೋಸ್ ನಿಲ್ಲಿಸ್ತೀನಿ ಸರ್" ಅಂತ ಹೇಳಿದ ಮೇಲೇ ಆ ಮಾತು ಮುಗಿದಂತೆ. ತಲೆಯಾಡಿಸಿದರೆ ಮುಗಿದಂತಲ್ಲ. ಅದು ನನಗೆ ಗೊತ್ತಾಗಬೇಕಾಗಿದ್ದ ವಿಷಯ.

ಟಿಕ್ ಹಾಕೋದು ಬೇರೆ, ಮಾಡೋದು ಬೇರೆ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಚೆಕ್‌ಲಿಸ್ಟ್ ತಂದಿತು. ಒಟ್ಟು 19 ಅಂಶ. ರೋಗಿ ಇವರೇನಾ, ಯಾವ ಕಾಲು, ಅಲರ್ಜಿ ಇದೆಯಾ, ಹತ್ತಿಯ ಉಂಡೆಗಳ ಲೆಕ್ಕ ಸರಿಯಿದೆಯಾ, ಇಂಥವೇ. ಅದರಲ್ಲಿ ಒಂದು, ಕತ್ತರಿ ಹಾಕುವ ಮುಂಚೆ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಬಾಲಿಶ ಅನ್ನಿಸಬಹುದು. ಆದರೆ ಒಮ್ಮೆ ಬಾಯಿ ಬಿಟ್ಟು ಹೆಸರು ಹೇಳಿದವರಿಗೆ ಎರಡನೇ ಸಲ ಮಾತಾಡೋದು ಸುಲಭ. ನಮ್ಮ ಕಾಲ್‌ಗಳಲ್ಲೂ ಮೊದಲ ಐದು ನಿಮಿಷ ಮ್ಯೂಟ್‌ನಲ್ಲಿದ್ದವರು ಕೊನೇವರೆಗೂ ಮ್ಯೂಟ್‌ನಲ್ಲೇ ಇರುತ್ತಾರೆ, ಗಮನಿಸಿದ್ದೀರಾ?

ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಪರೇಷನ್ ನಂತರದ ಸಾವು ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದವು. ಒಂದು ಹಾಳೆಯಿಂದ! ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ನಿಜ ಆಗಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಚೆಕ್‌ಲಿಸ್ಟ್ ಕಡ್ಡಾಯವಾಯ್ತು. 101 ಆಸ್ಪತ್ರೆಗಳ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರೆ, ಗಣನೀಯ ಇಳಿಕೆ ಕಾಣಲೇ ಇಲ್ಲ. ಯಾಕೆ ಅನ್ನುವ ಬಗ್ಗೆ ವಾದಗಳಿವೆ. ನನ್ನ ಊಹೆ, ನಮ್ಮ ಆಫೀಸಿನ ಅನುಭವದ್ದು: ಮೇಲಿನಿಂದ ಹೇರಿದ ಚೆಕ್‌ಲಿಸ್ಟಿಗೆ ಜನ ಟಿಕ್ ಹಾಕುತ್ತಾರೆ. ಶುಕ್ರವಾರ ಸಂಜೆ ಆರೂ ಮುಕ್ಕಾಲಿಗೆ ನಾನೂ ಎಷ್ಟು ಕಾಲಂಗಳಿಗೆ ಓದದೆ ಟಿಕ್ ಹಾಕಿದ್ದೇನೋ ಲೆಕ್ಕವಿಲ್ಲ. ಕಾಗದ ಎರಡೂ ಕಡೆ ಅದೇ. ಅದರ ಹಿಂದೆ ನಿಂತವರು ಒಬ್ಬರನ್ನೊಬ್ಬರು ನಿಜವಾಗಿ ಕೇಳಿಸಿಕೊಳ್ಳುತ್ತಾರಾ ಅನ್ನೋದು ಬೇರೆ. ಆ ಅಭ್ಯಾಸ ಮೂವತ್ತೈದರಲ್ಲಿ ಬರೋದು ಕಷ್ಟ. ಹತ್ತೊಂಬತ್ತು, ಇಪ್ಪತ್ತರಲ್ಲಿ ಇನ್ನೂ ಯಾರು ಮೇಲು, ಯಾರು ಕೀಳು ಅನ್ನೋದು ಗಟ್ಟಿಯಾಗದೇ ಇರುವಾಗಲೇ ಆಗಬೇಕು.

ವೃತ್ತಿಪರತೆ ಅಂದರೆ ಇಸ್ತ್ರಿ ಮಾಡಿದ ಕೋಟು, ಇಂಗ್ಲಿಷು, ಸಮಯಪಾಲನೆ ಅಂತಲೇ ನಾನೂ ಅಂದುಕೊಂಡಿದ್ದೆ. ಅಪ್ಪನ ವಾರ್ಡಿನಲ್ಲಿ ನಾನು ನೋಡಿದ ವೃತ್ತಿಪರತೆ ಬೇರೆ ಥರ ಇತ್ತು. ಆ ಫಾರ್ಮಸಿ ಹುಡುಗ ಸ್ಟ್ರಿಪ್ ನೋಡಿದ ಮೇಲೆ ಅಮ್ಮನನ್ನು ಗದರಲಿಲ್ಲ. "ನೀವು ತಪ್ಪದೆ ಕೊಟ್ಟಿದ್ದೀರಲ್ಲ, ಅದು ಒಳ್ಳೇದೇ. ಇಲ್ಲೂ ಅದನ್ನೇ ಕೊಡ್ತಿದಾರೆ, ಹಾಗಾಗಿ ಇದನ್ನ ಎತ್ತಿಡಿ" ಅಂದ. ನೇರವಾಗಿ ಡ್ಯೂಟಿ ಡಾಕ್ಟರ್ ಹತ್ತಿರ ಹೋದ. "ವಯಸ್ಸಾಗಿದೆಯಲ್ಲ" ಅಂದಿದ್ದ ಅದೇ ಡಾಕ್ಟರ್ ಬಂದು, ನಮ್ಮೆಲ್ಲರ ಮುಂದೆ ಫಿಸಿಯೋ ಹುಡುಗಿಗೆ, "ನೀವು ನಿನ್ನೆ ಹೇಳಿದಾಗ ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು" ಅಂದರು. ಅವರಿಗೂ ಇಪ್ಪತ್ತೆಂಟು ದಾಟಿರಲಿಕ್ಕಿಲ್ಲ. ನನ್ನ ಹತ್ತು ಮ್ಯಾನೇಜರುಗಳಲ್ಲಿ ಹಾಗೆ ಹೇಳಿದವರು ಒಬ್ಬರೋ ಇಬ್ಬರೋ.

ನಾನು ಸಿಸ್ಟರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು, "ಇರ್ಲಿ ಸರ್. ನಾನೂ ನೀವು ಫೋನ್ ಇಟ್ಟ ಮೇಲೆ ಹೇಳಬೇಕಿತ್ತು, ಇಲ್ಲಾ ಅಮ್ಮನಿಗೇ ಹೇಳಬೇಕಿತ್ತು" ಅಂದರು. ಅವತ್ತು ಅಷ್ಟು ದೊಡ್ಡ ವಾರ್ಡಿಗೆ ಇಬ್ಬರೇ ಸಿಸ್ಟರ್ ಇದ್ದರು ಅನ್ನೋದನ್ನು ಅವರು ಹೇಳಲಿಲ್ಲ. ನಾನೇ ಆಮೇಲೆ ಗಮನಿಸಿದ್ದು.

ಅಮ್ಮನ ಮಾತು ಮಾತ್ರ ಬೇರೆ. "ಮಾತ್ರೆ ಕೊಡೋಳು ನಾನು. ಮೂರು ದಿನ ಅಷ್ಟು ಜನ ಬಂದು ಹೋದ್ರು, ಎಲ್ರೂ ನಿನ್ನನ್ನ ಕೇಳಿದ್ರು, ಅಪ್ಪನ್ನ ಕೇಳಿದ್ರು. ನನ್ನ ಯಾರು ಕೇಳಿದ್ರು?" ನಾನು ಓದಿದ ಅಷ್ಟೂ ಕಾಗದಗಳಲ್ಲಿ ರೋಗಿಯ ಮನೆಯವರೂ ತಂಡದ ಭಾಗ ಅಂತ ಬರೆದಿತ್ತು. ಅಮ್ಮನಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ.

ಅಪ್ಪ ಈಗ ಕೋಲು ಹಿಡಿದು ತೋಟಕ್ಕೆ ಹೋಗಿ ಬರುತ್ತಾರೆ. ಬಚ್ಚಲಿಗೆ ಹಿಡಿ ಹಾಕಿಸಿದ್ದೇವೆ, ಹಿಡಿಯೋದಿಲ್ಲ, ಅದು ಬೇರೆ ವಿಷಯ. ತಂಗಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಹೋದ ತಿಂಗಳು ಬೆಳಿಗ್ಗೆ ಎಂಟಕ್ಕೆ, ನೈಟ್ ಡ್ಯೂಟಿ ಮುಗಿಸಿ ಬಸ್‌ ಸ್ಟಾಪಿನಿಂದ ಫೋನ್ ಮಾಡಿದ್ದಳು.

"ಅಣ್ಣ, ರಾತ್ರಿ ಮೂರಕ್ಕೆ ಡಾಕ್ಟರಿಗೆ ಫೋನ್ ಮಾಡ್ದೆ."

"ಆಮೇಲೆ?"

"ಬೈದ್ರು," ಅಂದಳು. ಬಸ್ಸಿನ ಹಾರ್ನ್ ಕೇಳಿಸಿತು. "ಆದ್ರೆ ಬಂದ್ರು."